ಪ್ರಾಂಶುಪಾಲರ ಆಯ್ಕೆ ಮುಗಿಯಿತು: ಸಮಿತಿಯಲ್ಲಿ ಕೂರಲಿರುವವರಿಗೆ ಒಂದಿಷ್ಟು ವಿವರ

ನಮ್ಮ ಟ್ರಸ್ಟಿನ ಶಾಲೆಗೆ ಪ್ರಾಂಶುಪಾಲರನ್ನು ಆರಿಸುವ ಕೆಲಸ ಈಗಷ್ಟೇ ಮುಗಿದಿದೆ. ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗಿನ, ರಾಜ್ಯ ಪಠ್ಯಕ್ರಮದ, ಅನುದಾನರಹಿತ ಶಾಲೆ. ಸಮಿತಿಯಲ್ಲಿ ಐದು ಜನ: ಟ್ರಸ್ಟಿನಿಂದ ಇಬ್ಬರು, ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೇರೆ ಜಿಲ್ಲೆಯ ಶಾಲೆಯೊಂದರ ಪ್ರಾಂಶುಪಾಲರು, ಬಿ.ಇಡಿ. ಕಾಲೇಜಿನ ಒಬ್ಬ ಅಧ್ಯಾಪಕರು. ಇಂಥ ಸಮಿತಿಗೆ ಕರೆಯುವವರು ಸಾಮಾನ್ಯವಾಗಿ ಹೇಳುವುದು, "ಒಂದು ದಿನ ಬನ್ನಿ ಸಾರ್, ಎಲ್ಲರನ್ನೂ ಮಾತಾಡಿಸಿ ಒಬ್ಬರನ್ನು ಫೈನಲ್ ಮಾಡೋಣ" ಅಂತ. ಒಂದು ದಿನದಲ್ಲಿ ಆಗುವ ಕೆಲಸವಲ್ಲ ಇದು. ಅಭ್ಯರ್ಥಿ ಬಾಗಿಲು ತಳ್ಳಿಕೊಂಡು ಒಳಗೆ ಬರುವ ಹೊತ್ತಿಗೆ ನ್ಯಾಯವೋ ಅನ್ಯಾಯವೋ ಮುಕ್ಕಾಲು ಪಾಲು ಆಗಿಹೋಗಿರುತ್ತದೆ. ಎಲ್ಲೆಲ್ಲಿ ಆಗುತ್ತದೆ ಎಂಬುದನ್ನು ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲ ತೊಡಕು ಕ್ಯಾಲೆಂಡರಿನದು. ನಮ್ಮ ಶಾಲೆಗಳು ತೆರೆಯುವುದು ಮೇ ಕೊನೆಗೆ, ಇಲ್ಲವೇ ಜೂನ್ ಮೊದಲಿಗೆ. ಈಗಾಗಲೇ ಕೆಲಸದಲ್ಲಿರುವ ಪ್ರಾಂಶುಪಾಲರಿಗೆ, ಉಪಪ್ರಾಂಶುಪಾಲರಿಗೆ ಎರಡು ಮೂರು ತಿಂಗಳ ನೋಟಿಸ್ ಅವಧಿ ಇರುವುದು ಮಾಮೂಲು. ವರ್ಷದ ನಡುವೆ ಬಿಡುತ್ತೇನೆಂದರೆ ರಿಲೀವಿಂಗ್ ಪತ್ರ ಕೊಡಲು ಸತಾಯಿಸುವ ಆಡಳಿತ ಮಂಡಳಿಗಳೂ ಇವೆ. ಹೀಗಿರುವಾಗ ಮಾರ್ಚಿನಲ್ಲಿ ಜಾಹೀರಾತು ಕೊಟ್ಟು ಏಪ್ರಿಲ್ ಕೊನೆಗೆ ಸಂದರ್ಶನ ಇಟ್ಟುಕೊಂಡರೆ ಜೂನ್ 1ಕ್ಕೆ ಬಂದು ಸೇರಬಲ್ಲವರು ಎರಡೇ ಬಗೆಯವರು: ಸದ್ಯ ಕೆಲಸವಿಲ್ಲದವರು, ಮತ್ತು ನಿಮ್ಮ ಶಾಲೆಯೊಳಗೇ ಇರುವವರು. ಉಳಿದವರನ್ನು ಯಾವ ಸಮಿತಿಯೂ ಬೇಡವೆನ್ನಲಿಲ್ಲ, ತಾರೀಖೇ ಹೊರಗಿಟ್ಟಿತು. ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಬೇಕು. ಡಿಸೆಂಬರ್ ಮೊದಲ ವಾರ ಜಾಹೀರಾತು, ಜನವರಿಯಲ್ಲಿ ಅರ್ಜಿ ಪರಿಶೀಲನೆ, ಫೆಬ್ರವರಿ ನಡುವಿನೊಳಗೆ ಸಂದರ್ಶನ. ಆಗ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಗಳ ಗಡಿಬಿಡಿ ಇರುವುದರಿಂದ ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಇಟ್ಟುಕೊಳ್ಳುವುದು ಒಳ್ಳೆಯದು. ಕೆಲಸದಲ್ಲಿರುವವರು ರಜೆಗೆ ಸುಳ್ಳು ಕಾರಣ ಹುಡುಕುವುದೂ ತಪ್ಪುತ್ತದೆ.

ಖರ್ಚಿನಲ್ಲಿ ದೊಡ್ಡದು ಪತ್ರಿಕೆ ಜಾಹೀರಾತು. "ಶಿಕ್ಷಕರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ಸಾಕಲ್ಲ" ಎಂಬ ಮಾತು ಖಂಡಿತ ಬರುತ್ತದೆ. ಗ್ರೂಪಿಗೆ ಮಾತ್ರ ಹಾಕಿದರೆ ಅರ್ಜಿ ಬರುವುದು ಟ್ರಸ್ಟಿಗಳ ಪರಿಚಯದ ಬಳಗದಿಂದಲೇ. ಜಿಲ್ಲಾ ಆವೃತ್ತಿಯಲ್ಲಿ ಚಿಕ್ಕ ಜಾಹೀರಾತು ಕೊಟ್ಟು, ಪೂರ್ತಿ ವಿವರವನ್ನು ಶಾಲೆಯ ಜಾಲತಾಣದಲ್ಲಿ ಹಾಕಿದರೆ ಹಣ ಉಳಿಯುತ್ತದೆ. ಉಳಿದ ಹಣವನ್ನು ಸಂದರ್ಶನಕ್ಕೆ ಬರುವವರ ಬಸ್ಸು, ರೈಲಿನ ಖರ್ಚಿಗೆ ಇಡಿ. ಬೀದರ್ ಕಡೆಯಿಂದ ಬರಬೇಕಾದವರು ಸ್ವಂತ ದುಡ್ಡಿನಲ್ಲಿ ಮೈಸೂರು ಸೀಮೆಗೆ ಬಂದು ಹೋಗುವ ಮೊದಲು ಎರಡು ಸಲ ಯೋಚಿಸುತ್ತಾರೆ.

ಜಾಹೀರಾತಿನಲ್ಲಿ "10 ವರ್ಷ ಅನುಭವ" ಎಂದು ಬರೆದರೆ ತಂಟೆ ಶುರುವಾಯಿತೆಂದೇ ತಿಳಿಯಿರಿ. ಬೋಧನೆಯದೋ ಆಡಳಿತದ್ದೋ? ಯಾವ ದಿನಾಂಕಕ್ಕೆ ಲೆಕ್ಕ? ಅರೆಕಾಲಿಕ ಸೇವೆ ಸೇರುತ್ತದೆಯೇ? ಹೆರಿಗೆ ರಜೆಯನ್ನು ಕಳೆಯುತ್ತೀರಾ? (ಕಳೆಯಬಾರದು, ಅದು ಸೇವೆಯ ಅವಧಿಯೇ.) ಇವನ್ನು ಮೊದಲೇ ಬರೆದಿಡದಿದ್ದರೆ ಅರ್ಜಿ ತೆರೆದಾದ ಮೇಲೆ, ಎದುರಿಗಿರುವ ಹೆಸರು ನೋಡಿಕೊಂಡು ಉತ್ತರ ಹುಟ್ಟುತ್ತದೆ. ನಮ್ಮ ಒಕ್ಕಣೆ ಹೀಗಿತ್ತು: ಸ್ನಾತಕೋತ್ತರ ಪದವಿ, ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಮಾನ್ಯತೆಯ ಬಿ.ಇಡಿ., ಅರ್ಜಿಯ ಕೊನೆಯ ದಿನಕ್ಕೆ 10 ವರ್ಷ ಪೂರ್ಣಾವಧಿ ಬೋಧನೆ, ಅದರಲ್ಲಿ 3 ವರ್ಷ ಶಾಲೆಯ ಆಡಳಿತದ ಯಾವುದಾದರೂ ಹೊಣೆ.

ಇದಕ್ಕೆ ಅಂಕ ಇಡಲಿಲ್ಲ. ಗೆರೆ ದಾಟಿದರೆ ಒಳಗೆ, ಇಲ್ಲದಿದ್ದರೆ ಹೊರಗೆ, ಅಷ್ಟೇ. "25 ವರ್ಷ ಸರ್ವೀಸ್ ಇರೋರಿಗೂ 11 ವರ್ಷದವರಿಗೂ ಒಂದೇನಾ?" ಎಂದು ಟ್ರಸ್ಟಿನವರು ಬಹಳ ಹೊತ್ತು ವಾದಿಸಿದರು. ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ನೇಮಕಾತಿ ವಿಧಾನಗಳ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದ್ದಾರೆ. ಮುಂದಿನ ಕೆಲಸ ಹೇಗಿರುತ್ತದೆ ಎಂಬುದಕ್ಕೂ ಬರೀ ಅನುಭವದ ವರ್ಷಗಳಿಗೂ ಇರುವ ನಂಟು ಅವರ ಪ್ರಕಾರ 0.07 (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು). ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಇರುವ ಸಂದರ್ಶನದ್ದು 0.42, ಬಾಯಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನದ್ದು 0.19. ಈ ಮೂರು ಅಂಕಿಗಳನ್ನು ಸಭೆಗೆ ಒಯ್ಯಿರಿ, ಅರ್ಧ ಗಂಟೆಯ ವಾದ ಉಳಿಯುತ್ತದೆ.

ಇನ್ನು ಅರ್ಜಿ ಪರಿಶೀಲನೆ. ಕಚೇರಿಯ ಗುಮಾಸ್ತರು ಪ್ರತಿ ಅರ್ಜಿಗೂ ಕ್ರಮಸಂಖ್ಯೆ ಕೊಟ್ಟು, ಹೆಸರು, ಫೋಟೊ, ತಂದೆ ಅಥವಾ ಗಂಡನ ಹೆಸರು, ಊರು ಇರುವ ಹಾಳೆಯನ್ನು ತೆಗೆದಿಟ್ಟರು. ಸಮಿತಿಯ ಇಬ್ಬರು ಬೇರೆ ಬೇರೆ ಕೂತು ನೋಡಬೇಕು, ಹೊಂದದಿದ್ದಲ್ಲಿ ಮೂರನೆಯವರು. ಹೆಸರು ಮುಚ್ಚಿದರೂ ಕೆಲಸ ಮಾಡಿದ ಶಾಲೆಗಳ ಪಟ್ಟಿ ನೋಡಿ "ಓ, ಇವರಾ" ಎಂದು ಗುರುತು ಹಿಡಿಯುವಷ್ಟು ಚಿಕ್ಕದು ನಮ್ಮ ಶಿಕ್ಷಣ ವಲಯ. ಆದರೂ ಮುಚ್ಚಿ. ಅಡ್ಡಹೆಸರಿನಿಂದ ಜಾತಿ ಊಹಿಸುವ ಚಾಳಿ ಅಷ್ಟರಮಟ್ಟಿಗಾದರೂ ತಗ್ಗುತ್ತದೆ.

ದಾಖಲೆಗಳಲ್ಲಿ ಕಷ್ಟ ಕೊಡುವುದು ಅನುಭವ ಪತ್ರ. ಲೆಟರ್‌ಹೆಡ್ ಇದ್ದರೆ ಯಾರು ಬೇಕಾದರೂ ಬರೆದುಕೊಡಬಹುದು. ಪಿಎಫ್ ಪಾಸ್‌ಬುಕ್ಕಿನಲ್ಲಿ ಯಾವ ಸಂಸ್ಥೆ ಯಾವ ತಿಂಗಳು ವಂತಿಗೆ ಕಟ್ಟಿದೆ ಎಂಬುದು ಇರುತ್ತದೆ. ಪತ್ರದಲ್ಲಿ ಎಂಟು ವರ್ಷ, ಪಾಸ್‌ಬುಕ್ಕಿನಲ್ಲಿ ಐದೇ ವರ್ಷ ಎಂಬಂಥವು ಅಲ್ಲೇ ಸಿಕ್ಕಿಬೀಳುತ್ತವೆ. ಆದರೆ ಇಲ್ಲೊಂದು ಎಚ್ಚರ ಬೇಕು. ಪಿಎಫ್ ಕಟ್ಟದೇ ವರ್ಷಗಟ್ಟಲೆ ದುಡಿಸಿಕೊಂಡ ಶಾಲೆಗಳು ಕಡಿಮೆಯೇನಿಲ್ಲ. ಅಲ್ಲಿ ದುಡಿದವರನ್ನು ಸುಳ್ಳರೆಂದು ಎಣಿಸಿದರೆ ಶಾಲೆ ಮಾಡಿದ ತಪ್ಪಿಗೆ ಶಿಕ್ಷಕರಿಗೆ ಶಿಕ್ಷೆಯಾಗುತ್ತದೆ. ಹಾಗಾಗಿ ನಾಲ್ಕರಲ್ಲಿ ಯಾವುದಾದರೂ ಎರಡು ಸಾಕೆಂದು ಎಲ್ಲರಿಗೂ ಒಂದೇ ಪತ್ರ ಕಳಿಸಿದೆವು: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರುವ ಸೇವಾ ಪ್ರಮಾಣಪತ್ರ, ಪಿಎಫ್ ಪಾಸ್‌ಬುಕ್, ಸಂಬಳ ಜಮೆ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಮತ್ತು ರಿಲೀವಿಂಗ್ ಪತ್ರಗಳ ಜೋಡಿ. ಬಿಇಒ ಮೇಲುಸಹಿಗೆ ಅಭ್ಯರ್ಥಿಗಳು ಓಡಾಡಬೇಕಾಗುತ್ತದೆ, ಅದಕ್ಕೆ ಎರಡು ವಾರವಾದರೂ ಬೇಕು. ಅರ್ಜಿ ಹಾಕುವವರು ಜಾಹೀರಾತು ಬರುವ ಮೊದಲೇ ಇದನ್ನು ಮಾಡಿಸಿಟ್ಟುಕೊಳ್ಳುವುದು ಮೇಲು.

ಅಂಕ ಹಂಚಿಕೆ ಒಟ್ಟು 100ಕ್ಕೆ. ಇನ್-ಟ್ರೇ, ಅಂದರೆ ಮೇಜಿನ ಮೇಲೆ ಬಂದು ಬಿದ್ದ ಕಾಗದಗಳನ್ನು ವಿಲೇವಾರಿ ಮಾಡುವ ಪರೀಕ್ಷೆಗೆ 25. ಪಾಠದ ವಿಡಿಯೊ ನೋಡಿ ಶಿಕ್ಷಕರ ಜೊತೆ ಮಾತಾಡುವುದಕ್ಕೆ 20. ಫಲಿತಾಂಶ ಮತ್ತು ಹಾಜರಾತಿಯ ಅಂಕಿಅಂಶ ಓದಿ ಯೋಜನೆ ಬರೆಯುವುದಕ್ಕೆ 20. ಸಂದರ್ಶನಕ್ಕೆ 35. ಸಂದರ್ಶನಕ್ಕೆ ಇಷ್ಟು ಜಾಸ್ತಿ ಯಾಕೆಂದು ಕೇಳುವವರಿಗೆ ಲೀಲಾಧರ್ ಪ್ರಕರಣದ (1981) ತೀರ್ಪು ಉತ್ತರ ಕೊಡುತ್ತದೆ: ಹುಡುಗರನ್ನು ಕಾಲೇಜಿಗೆ ಸೇರಿಸಿಕೊಳ್ಳುವಾಗಿನ ಮೌಖಿಕ ಪರೀಕ್ಷೆ ಬೇರೆ, ವ್ಯಕ್ತಿತ್ವ ಮಾಗಿದವರನ್ನು ಹುದ್ದೆಗೆ ಆರಿಸುವಾಗಿನದು ಬೇರೆ, ಎರಡನೆಯದಕ್ಕೆ ಹೆಚ್ಚು ತೂಕ ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹೆಚ್ಚು ತೂಕ ಕೊಟ್ಟಷ್ಟೂ ಅದನ್ನು ಬಿಗಿಯಾಗಿ ಕಟ್ಟಬೇಕಾಗುತ್ತದೆ, ಆ ಮಾತು ಬೇರೆ.

ಮಾದರಿ ಪಾಠ ಯಾಕೆ ಇಲ್ಲ ಎಂದು ಬಹಳ ಜನ ಕೇಳಿದರು. ಪ್ರಾಂಶುಪಾಲರ ನಿತ್ಯದ ಕೆಲಸ ಬೇರೆಯವರ ಪಾಠ ನೋಡಿ ಅವರನ್ನು ಸುಧಾರಿಸುವುದು. ಹಾಗಾಗಿ ಏಳನೇ ತರಗತಿಯ ಗಣಿತ ಪಾಠದ ಹತ್ತು ನಿಮಿಷದ ವಿಡಿಯೊ ತೋರಿಸಿ, ಆ ಶಿಕ್ಷಕಿಯ ಪಾತ್ರ ಮಾಡುವವರನ್ನು ಎದುರಿಗೆ ಕೂರಿಸಿದೆವು. ಎಲ್ಲ ಅಭ್ಯರ್ಥಿಗಳಿಗೂ ಅದೇ ವಿಡಿಯೊ, ಅದೇ ಪಾತ್ರಧಾರಿ, ಅದೇ ಮಾತು. ಪಾತ್ರಧಾರಿ ಹೊರಗಿನವರಾಗಿರಲಿ, ಅವರಿಗೆ ಸಂಭಾವನೆ ಕೊಡಿ. ಮೂರನೇ ಅಭ್ಯರ್ಥಿಯ ಹೊತ್ತಿಗೆ ಅವರಿಗೂ ದಣಿವಾಗಿ ದನಿ ಮೆತ್ತಗಾಗುತ್ತದೆ, ಬೇಗ ಒಪ್ಪಿಕೊಂಡುಬಿಡುತ್ತಾರೆ. ಆ ಅಭ್ಯರ್ಥಿಯ ಕೆಲಸ ಸುಲಭವಾಯಿತು. "ಎರಡು ಸಲ ಒಪ್ಪಬೇಡಿ, ಮೂರನೇ ಸಲ ಕಾರಣ ಸರಿಯಿದ್ದರೆ ಒಪ್ಪಿ" ಎಂದು ಲಿಖಿತವಾಗಿ ಕೊಟ್ಟಿದ್ದರೆ ಮಾತ್ರ ಇದು ತಪ್ಪುತ್ತದೆ.

ಇನ್-ಟ್ರೇ ಕಟ್ಟುವುದು ಸುಲಭ ಅನ್ನಿಸುತ್ತದೆ. 60 ನಿಮಿಷ, 10 ಕಾಗದ: ಶಾಲಾ ಬಸ್ಸಿನ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಅವಧಿ ಮುಗಿದಿದೆ, ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆ) ಮಾಹಿತಿಯನ್ನು ಸಂಜೆಯೊಳಗೆ ಕಳಿಸಿ ಎಂದು ಬಿಇಒ ಕಚೇರಿಯ ಪತ್ರ, ಪ್ರಶ್ನೆಪತ್ರಿಕೆ ಸೋರಿದೆ ಎಂಬ ವಾಟ್ಸ್ಆ್ಯಪ್ ಸಂದೇಶ, ಶುಲ್ಕ ಬಾಕಿಯೆಂದು ಟಿಸಿ ತಡೆಹಿಡಿದ ಬಗ್ಗೆ ಪೋಷಕರ ದೂರು, ಹೀಗೆ. ಏಳನೇ ಕಾಗದದಲ್ಲಿರುವ ಒಂದು ತಾರೀಖು ಎರಡನೇ ಕಾಗದವನ್ನು ತುರ್ತಾಗಿಸುತ್ತದೆ. ಎಲ್ಲ ಓದಿ ಆಮೇಲೆ ಕೈಹಾಕುವವರು ಯಾರೆಂಬುದು ಅಲ್ಲಿ ಗೊತ್ತಾಗುತ್ತದೆ. ಇಲ್ಲಿ ಎರಡು ಕಡೆ ಪಕ್ಷಪಾತ ನುಸುಳುತ್ತದೆ. ಒಂದು, ಕಾಗದಗಳು ನಿಮ್ಮ ಶಾಲೆಯವೇ ಆಗಿದ್ದರೆ ಒಳಗಿನ ಅಭ್ಯರ್ಥಿಗೆ ಅದು ಪರೀಕ್ಷೆಯೇ ಅಲ್ಲ. ಶಾಲೆ ಕಲ್ಪಿತವಾಗಿರಲಿ, ಸಿಬ್ಬಂದಿ ಪಟ್ಟಿಯೂ ಕಲ್ಪಿತವಾಗಿರಲಿ. ಎರಡು, ಎಸ್‌ಎಟಿಎಸ್ ಎಂದರೇನೆಂದು ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿದ್ದವರಿಗೆ ಗೊತ್ತು. ಹೊರರಾಜ್ಯದಲ್ಲಿ ದುಡಿದು ಬಂದವರಿಗೆ ಗೊತ್ತಿರಬೇಕಿಲ್ಲ. ಸೇರಿದ ವಾರದಲ್ಲಿ ಕಲಿತುಬಿಡಬಹುದಾದ ವಿಷಯಕ್ಕೆ ಅಂಕ ಹೋಗಬಾರದು. ಇಂಥ ಪದಗಳನ್ನು ವಿವರಿಸುವ ಒಂದು ಪುಟವನ್ನು ಎಲ್ಲರಿಗೂ ಹಿಂದಿನ ದಿನವೇ ಕಳಿಸಬೇಕು.

ಉತ್ತರ ಬರೆಯಲು ಕನ್ನಡ, ಇಂಗ್ಲಿಷ್ ಯಾವುದಾದರೂ ಆಗಬಹುದೆಂದು ಹೇಳಿದೆವು. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಇಂಗ್ಲಿಷ್ ಬೇಡವೇ ಎಂದರೆ, ಬೇಕು. ಅದಕ್ಕೆ ಬೇರೆಯಾಗಿ 5 ಅಂಕ ಇಡಿ, ಪೋಷಕರಿಗೆ ಕನ್ನಡದಲ್ಲಿ ಸುತ್ತೋಲೆ ಬರೆಯುವುದಕ್ಕೂ 5 ಇಡಿ. (ನಮ್ಮಲ್ಲಿ ಇವು ಸಂದರ್ಶನದ 35ರೊಳಗೇ ಇದ್ದವು.) ಬೇರೆ ಮಾಡದಿದ್ದರೆ ನಿರರ್ಗಳ ಇಂಗ್ಲಿಷ್ ಎಲ್ಲ ಕಲಮುಗಳಲ್ಲೂ ಸದ್ದಿಲ್ಲದೆ ಅಂಕ ಗಿಟ್ಟಿಸುತ್ತದೆ. ಒಂದು ಗುಣ ಕಂಡರೆ ಉಳಿದೆಲ್ಲ ಗುಣಗಳನ್ನೂ ಆರೋಪಿಸುವ ಈ ದೋಷವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಸೇನಾಧಿಕಾರಿಗಳ ಮೌಲ್ಯಮಾಪನದಲ್ಲಿ ಗುರುತಿಸಿದ್ದರು.

ಸಂದರ್ಶನದ ಪ್ರತಿ ಪ್ರಶ್ನೆಗೂ 1ರಿಂದ 5ರವರೆಗೆ ಅಂಕ. 1 ಎಂದರೆ ಎಂಥ ಉತ್ತರ, 3 ಎಂದರೆ ಎಂಥದು, 5 ಎಂದರೆ ಎಂಥದು ಎಂದು ವಾಕ್ಯಗಳಲ್ಲಿ ಬರೆದಿಡಬೇಕು. ಉದಾಹರಣೆಗೆ, ಎಂಟನೇ ತರಗತಿಯ ಹುಡುಗಿಯ ತಾಯಿ ಬಂದು ಒಬ್ಬ ಶಿಕ್ಷಕರ ವರ್ತನೆಯ ಬಗ್ಗೆ ಲೈಂಗಿಕ ದೂರು ಹೇಳುತ್ತಾರೆ. ಮುಂದಿನ ಎರಡು ಗಂಟೆಯಲ್ಲಿ ಏನು ಮಾಡುತ್ತೀರಿ? "ಮೊದಲು ನಾವೇ ವಿಚಾರಣೆ ಮಾಡಿ, ನಿಜವೆಂದರೆ ಕ್ರಮ" ಎಂದರೆ 1. ಪೊಲೀಸರಿಗೆ ತಿಳಿಸಲೇಬೇಕೆಂಬುದು ಗೊತ್ತಿದ್ದೂ ಟ್ರಸ್ಟಿನ ಅನುಮತಿಗೆ ಕಾಯುತ್ತೇನೆ ಎಂದರೆ 2. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಕ್ಷಣ ಪೊಲೀಸರಿಗೆ ತಿಳಿಸುತ್ತೇನೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರೆ 3. ಅದರ ಜೊತೆಗೆ ಆ ಶಿಕ್ಷಕರನ್ನು ಮಕ್ಕಳ ಸಂಪರ್ಕದಿಂದ ದೂರವಿಡುವುದು, ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸದಿರುವುದು, ಹೆಸರು ಹೊರಹೋಗದಂತೆ ನೋಡಿಕೊಳ್ಳುವುದು, ಮಾಡಿದ್ದನ್ನು ಸಮಯ ಸಮೇತ ಬರೆದಿಡುವುದು ಇವೆಲ್ಲ ಬಂದರೆ 5. ಸೆಕ್ಷನ್ ನಂಬರು ಬಾಯಿಗೆ ಬರದಿದ್ದರೆ ಅಂಕ ಕಡಿಯಬಾರದು, ಕೆಲಸ ಹೇಳಿದರೆ ಸಾಕು ಎಂಬುದನ್ನೂ ಬರೆದಿಟ್ಟೆವು. ಅಧೀನ ಸಿಬ್ಬಂದಿಯ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಅದೇ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಜೈಲು ಇದೆ.

ಈ ಒಂದು ಪ್ರಶ್ನೆಗೆ ಕನಿಷ್ಠ 3 ಬರಲೇಬೇಕು, ಬೇರೆ ಕಡೆಯ ಅಂಕ ಇದನ್ನು ತುಂಬುವಂತಿಲ್ಲ ಎಂದು ಗೊತ್ತುಮಾಡಿದೆವು. ಮಕ್ಕಳ ಸುರಕ್ಷತೆಗೆ ಇಂಥ ಕನಿಷ್ಠ ಅಂಕ ಇದೆಯೆಂಬುದನ್ನು, ಪ್ರಶ್ನೆ ಬಿಟ್ಟುಕೊಡದೆ, ಸಂದರ್ಶನದ ಕರೆಪತ್ರದಲ್ಲೇ ಹಾಕಬೇಕು. ಕೆ. ಮಂಜುಶ್ರೀ ಪ್ರಕರಣದಲ್ಲಿ (2008) ಸಂದರ್ಶನ ಮುಗಿದ ಮೇಲೆ ಕನಿಷ್ಠ ಅಂಕ ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. 2024ರ ನವೆಂಬರಿನಲ್ಲಿ ತೇಜ್ ಪ್ರಕಾಶ್ ಪಾಠಕ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿದು, ಯಾವುದೇ ಹಂತದ ಮಾನದಂಡವನ್ನು ಆ ಹಂತ ಬರುವ ಮೊದಲೇ ಗೊತ್ತುಪಡಿಸಬೇಕೆಂದಿತು. ಇವು ಸರ್ಕಾರಿ ನೇಮಕಾತಿಯ ತೀರ್ಪುಗಳು. ಅನುದಾನರಹಿತ ಶಾಲೆಯವರು ತಮಗೆಷ್ಟು ಅನ್ವಯವೆಂದು ವಕೀಲರನ್ನು ಕೇಳಿಕೊಳ್ಳಲಿ. ಪಾಲಿಸಲು ಮಾತ್ರ ಖರ್ಚೇನೂ ಇಲ್ಲ.

ಸಂದರ್ಶನದ ಹಿಂದಿನ ದಿನ ಅಳತೆ ಕೂಡಿಸುವ ಸಭೆ ಇತ್ತು. ಬಿ.ಇಡಿ. ಅಧ್ಯಾಪಕರು ಬರೆದು ತಂದ ಕಲ್ಪಿತ ಉತ್ತರಕ್ಕೆ ಐವರೂ ಗುಟ್ಟಾಗಿ ಅಂಕ ಕೊಡಬೇಕು. ಒಂದೇ ಉತ್ತರಕ್ಕೆ 2 ಕೊಟ್ಟವರೂ ಇದ್ದರು, 5 ಕೊಟ್ಟವರೂ ಇದ್ದರು. ಕಾರಣ ಕೇಳಿದರೆ ಒಬ್ಬರು ಉತ್ತರದ ಧೈರ್ಯ ಮೆಚ್ಚಿದ್ದರು, ಇನ್ನೊಬ್ಬರು ತಮ್ಮ ಶಾಲೆಯಲ್ಲಿ ಮಾಡುವ ಕ್ರಮಕ್ಕೆ ಅದನ್ನು ಹೋಲಿಸಿದ್ದರು. ಬರೆದ ವಾಕ್ಯಗಳನ್ನು ತಿದ್ದಿ, ಮತ್ತೊಂದು ಉತ್ತರಕ್ಕೆ ಅಂಕ ಕೊಟ್ಟು, ಅಂತರ 1ಕ್ಕೆ ಇಳಿಯುವವರೆಗೂ ಮುಂದುವರಿಸಿದೆವು. ಎಲ್ಲರಿಗೂ ಬೇಸರ ತರಿಸುವ, "ನಮಗೇನು ಗೊತ್ತಿಲ್ವಾ" ಎಂದು ಹಿರಿಯರು ಮುನಿಸಿಕೊಳ್ಳುವ ಘಟ್ಟ ಇದು. ಇದನ್ನು ಬಿಟ್ಟರೆ ಉಳಿದ ಸಿದ್ಧತೆಗೆಲ್ಲ ಬೆಲೆಯಿಲ್ಲ.

ಸಂದರ್ಶನದ ದಿನ ಅಭ್ಯರ್ಥಿಗಳ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಒಬ್ಬೊಬ್ಬರಿಗೂ 45 ನಿಮಿಷ, ನಡುವೆ 15 ನಿಮಿಷ. ಪ್ರತಿ ಉತ್ತರಕ್ಕೂ ಅಲ್ಲೇ ಅಂಕ ಬರೆಯಬೇಕು, ಅಭ್ಯರ್ಥಿ ಎದ್ದು ಹೋದ ಕೂಡಲೇ ಹಾಳೆಯನ್ನು ಗುಮಾಸ್ತರು ಒಯ್ಯಬೇಕು. ಹಾಳೆ ಕೈಯಲ್ಲೇ ಉಳಿದರೆ ಮೂರನೆಯವರನ್ನು ನೋಡಿ ಮೊದಲನೆಯವರ ಅಂಕ ತಿದ್ದುವ ಮನಸ್ಸಾಗುತ್ತದೆ. ತುಂಬಾ ದುರ್ಬಲ ಅಭ್ಯರ್ಥಿಯ ನಂತರ ಬಂದ ಸಾಧಾರಣದವರು ಹೊಳೆಯುತ್ತಾರೆ. ಅದನ್ನು ತಡೆಯುವುದು ಬರೆದಿಟ್ಟ ವಾಕ್ಯಗಳು ಮಾತ್ರ. ಉಪಪ್ರಶ್ನೆಗೂ ಮೂರೇ ಮಾತು ಗೊತ್ತುಮಾಡಿಕೊಂಡಿದ್ದೆವು: "ಇನ್ನೂ ಸ್ವಲ್ಪ ವಿವರಿಸಿ", "ಆಮೇಲೆ ಏನು ಮಾಡಿದಿರಿ?", "ಅದರಿಂದ ಏನಾಯಿತು?". ಇಷ್ಟವಾದವರಿಗೆ ಉತ್ತರದ ಸುಳಿವಿರುವ ಉಪಪ್ರಶ್ನೆ, ಇಷ್ಟವಾಗದವರಿಗೆ ಮೌನ ಎಂಬುದು ಗೊತ್ತಿಲ್ಲದೇ ನಡೆಯುತ್ತದೆ. ಚಹಾ ಬಿಡುವಿನಲ್ಲಿ ಅಭ್ಯರ್ಥಿಗಳ ಮಾತು ಬೇಡ. ಒಬ್ಬ ಹಿರಿಯರು "ಈಗ ಬಂದವರು ಚೆನ್ನಾಗಿದ್ದಾರೆ ಅಲ್ವಾ" ಅಂದರೆ ಸಾಕು, ಮುಂದಿನ ನಾಲ್ಕು ಹಾಳೆ ಅವರದೇ ಆಗುತ್ತವೆ.

ಕೇಳಬಾರದ ಪ್ರಶ್ನೆಗಳ ಪಟ್ಟಿಯನ್ನೂ ಮೇಜಿನ ಮೇಲೆ ಇಟ್ಟಿದ್ದೆವು. ಮನೆಯವರು ಒಪ್ಪಿದ್ದಾರಾ, ಮಕ್ಕಳು ಚಿಕ್ಕವರಾ, ಯಜಮಾನರು ಎಲ್ಲಿದ್ದಾರೆ, ಯಾವ ಕಡೆಯವರು, ಈಗಿನ ಸಂಬಳ ಎಷ್ಟು. ಸಂಜೆ ಆರರವರೆಗೆ ಇರಬೇಕಾಗುತ್ತದೆ ಎಂಬುದು ಕೆಲಸದ ಷರತ್ತಾದರೆ ಅದನ್ನು ಗಂಡಸರಿಗೂ ಹೆಂಗಸರಿಗೂ ಒಂದೇ ವಾಕ್ಯದಲ್ಲಿ ಹೇಳಿ ಒಪ್ಪಿಗೆ ಕೇಳಿದರಾಯಿತು. ಬರಹಗಾರರ ನೆರವು ಬೇಕಾದ ಅಂಗವಿಕಲ ಅಭ್ಯರ್ಥಿ ಇದ್ದರೆ ಬರವಣಿಗೆಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಕೊಡಿ. ಸಾರ್ವಜನಿಕ ಪರೀಕ್ಷೆಗಳ ಲೆಕ್ಕ ಅದೇ.

ನಿರೀಕ್ಷೆ ಮಾಡದ ತೊಡಕು ಬಂದದ್ದು ಪರಿಚಯದ ವಿಷಯದಲ್ಲಿ. ಸಮಿತಿಯ ಒಬ್ಬರು ಒಬ್ಬ ಅಭ್ಯರ್ಥಿಯ ಜೊತೆ ಹಿಂದೆ ಕೆಲಸ ಮಾಡಿದ್ದರು. ಅವರು ಆ ಅಭ್ಯರ್ಥಿಯ ಮಟ್ಟಿಗೆ ಎದ್ದು ಹೊರಗೆ ಹೋದರೆ ಆಯಿತಲ್ಲ ಎಂದುಕೊಳ್ಳುತ್ತೇವೆ. ಲೋಕಸೇವಾ ಆಯೋಗದ ಸದಸ್ಯರ ವಿಷಯದಲ್ಲಿ ಅಶೋಕ್ ಕುಮಾರ್ ಯಾದವ್ ತೀರ್ಪು (1985) ಹೇಳುವುದೂ ಬಹುಮಟ್ಟಿಗೆ ಅದನ್ನೇ: ಸಂಬಂಧಿಕರಾದ ಅಭ್ಯರ್ಥಿ ಬಂದಾಗ ಆ ಸದಸ್ಯರು ದೂರವಿರಬೇಕು. ಅಂಕದ ಲೆಕ್ಕದಲ್ಲಿ ಮಾತ್ರ ಇದು ಸರಿಹೋಗುವುದಿಲ್ಲ. ಹೊರಗೆ ಹೋದವರು ಧಾರಾಳ ಕೈಯವರು, ಉಳಿದ ನಾಲ್ವರು 60 ಕೊಡುವ ಕಡೆ 66 ಕೊಡುವವರು ಎಂದಿಟ್ಟುಕೊಳ್ಳಿ. ಐವರ ಸರಾಸರಿ 61.2, ನಾಲ್ವರದ್ದು 60. ಆ ಅಭ್ಯರ್ಥಿ ಏನೂ ತಪ್ಪು ಮಾಡದೇ 1.2 ಅಂಕ ಕಳೆದುಕೊಂಡರು. ಮೊದಲಿಬ್ಬರ ಅಂತರ ಅದಕ್ಕಿಂತ ಕಡಿಮೆ ಇರುವುದು ಅಪರೂಪವಲ್ಲ. ಪರಿಹಾರ ಎರಡು: ಆರನೆಯವರೊಬ್ಬರನ್ನು ಮೊದಲಿಂದಲೂ ಕೂರಿಸಿ ಎಲ್ಲರಿಗೂ ಅಂಕ ಹಾಕಿಸಿ, ಅಭ್ಯರ್ಥಿಯ ಪರಿಚಯವಿರುವ ಸದಸ್ಯರ ಹಾಳೆಗಳ ಜಾಗಕ್ಕೆ ಎಲ್ಲ ಅಭ್ಯರ್ಥಿಗಳಲ್ಲೂ ಈ ಆರನೆಯವರ ಹಾಳೆ ತೆಗೆದುಕೊಳ್ಳುವುದು, ಇಲ್ಲವೇ ಆ ಸದಸ್ಯರ ಅಂಕವನ್ನು ಎಲ್ಲರಿಗೂ ಬಿಟ್ಟುಬಿಡುವುದು. ನಾವು ಎರಡನೆಯದನ್ನು ಮಾಡಿದೆವು. ಮೊದಲನೆಯದೇ ಉತ್ತಮ.

ಕೊನೆಯ ಸಭೆಯಲ್ಲಿ ನಿಯಮ ಇಷ್ಟೇ: ಒಂದೇ ಉತ್ತರಕ್ಕೆ ಇಬ್ಬರ ಅಂಕದಲ್ಲಿ 2 ಅಥವಾ ಹೆಚ್ಚು ಅಂತರ ಇದ್ದಲ್ಲಿ ಮಾತ್ರ ಚರ್ಚೆ. ಅಭ್ಯರ್ಥಿ ಏನು ಹೇಳಿದರು ಎಂಬ ಟಿಪ್ಪಣಿ ಓದಬೇಕು. ಅಂಕ ಬದಲಿಸುವವರು ಹಳೆಯದು ಕಾಣುವಂತೆ ಒಂದು ಗೆರೆ ಎಳೆದು, ಹೊಸದು ಬರೆದು, ಕಾರಣ ಮತ್ತು ಚಿಕ್ಕ ಸಹಿ ಹಾಕಬೇಕು. ವೈಟ್ನರ್ ಕೊಠಡಿಯೊಳಗೇ ಬೇಡ.

ಪಟ್ಟಿ ತಯಾರಾದ ಮೇಲೆ ಟ್ರಸ್ಟಿನಿಂದ ಬಂದ ಮಾತು: "ಮೊದಲ ಮೂವರನ್ನು ಅಧ್ಯಕ್ಷರು ಒಂದ್ಸಲ ಸುಮ್ನೆ ಮಾತಾಡಿಸಲಿ." ಇಷ್ಟು ಹೊತ್ತು ಕಟ್ಟಿದ್ದೆಲ್ಲ ಕುಸಿಯುವುದು ಈ ಸುಮ್ಮನೆಯಲ್ಲೇ. ಅದಕ್ಕೆ ಪ್ರಶ್ನೆಯಿಲ್ಲ, ಅಳತೆಯಿಲ್ಲ, ಆದರೆ ಫಲಿತಾಂಶ ಮಾತ್ರ ಅದರದೇ. ಅಧ್ಯಕ್ಷರಿಗೆ ನೋಡಲೇಬೇಕೆಂದಿದ್ದರೆ ಅವರು ಮೊದಲಿಂದ ಸಮಿತಿಯಲ್ಲಿ ಕೂರಲಿ, ಇಲ್ಲವೇ ಆಯ್ಕೆಯಾದ ಒಬ್ಬರನ್ನೇ ಸಂಬಳ, ಮನೆ, ಸೇರುವ ದಿನದ ಮಾತಿಗೆ ಭೇಟಿಯಾಗಲಿ. ನಮ್ಮಲ್ಲಿ ಎರಡನೆಯದಕ್ಕೆ ಒಪ್ಪಿಸಲು ಹಗ್ಗಜಗ್ಗಾಟವೇ ಆಯಿತು. ಶಿಫಾರಸು ಪತ್ರಗಳನ್ನು ಆವಕ ಪುಸ್ತಕದಲ್ಲಿ ದಾಖಲಿಸಿ, ಸಮಿತಿಗೆ ತೋರಿಸದೇ ಕಡತದಲ್ಲಿ ಇಟ್ಟಿದ್ದೆವು. ದಾಖಲಾಗುತ್ತದೆ ಎಂದು ಗೊತ್ತಾದ ಮೇಲೆ ಫೋನುಗಳೂ ಕಡಿಮೆಯಾದವು.

ಹಿಂದಿನ ಶಾಲೆಗೆ ಫೋನು ಮಾಡಿ ವಿಚಾರಿಸುವುದು ಆಯ್ಕೆಯಾದವರಿಗೆ ಮಾತ್ರ, ಅವರ ಒಪ್ಪಿಗೆ ಪಡೆದ ಮೇಲೆ. ಮೊದಲೇ ಮಾಡಿದರೆ ಆಯ್ಕೆಯಾಗದವರೂ ಈಗಿನ ಕೆಲಸದಲ್ಲಿ ಮುಜುಗರಕ್ಕೆ ಸಿಕ್ಕುತ್ತಾರೆ. ಮಕ್ಕಳ ಒಡನಾಟವಿರುವ ಸಂಸ್ಥೆಗಳ ಸಿಬ್ಬಂದಿಗೆ ಪೊಲೀಸ್ ಪರಿಶೀಲನೆ ಆಗಬೇಕೆಂದು 2020ರ ಪೋಕ್ಸೊ ನಿಯಮಗಳಲ್ಲಿದೆ. ನೇಮಕಾತಿ ಪತ್ರದಲ್ಲಿ ಅದನ್ನು ಷರತ್ತಾಗಿ ಹಾಕಿ, ಅರ್ಜಿಯನ್ನು ಅಂದೇ ಸಲ್ಲಿಸಿ.

ಆಯ್ಕೆಯಾಗದವರಿಗೆ ಅವರವರ ಅಂಕ, ನಾಲ್ಕೂ ವಿಭಾಗದ್ದು, ಪತ್ರದಲ್ಲಿ ಕಳಿಸಿದೆವು. ಯಾರು ಎಷ್ಟು ಕೊಟ್ಟರು ಎಂಬುದನ್ನು ಕಳಿಸಲಿಲ್ಲ. ಕಾಯ್ದಿಟ್ಟ ಪಟ್ಟಿಗೆ ಆರು ತಿಂಗಳ ಅವಧಿ. ಅಂಕದ ಹಾಳೆ, ಟಿಪ್ಪಣಿ, ಚೀಟಿ ಎತ್ತಿದ ದಾಖಲೆ ಎಲ್ಲವೂ ಮೊಹರು ಹಾಕಿದ ಒಂದೇ ಲಕೋಟೆಯಲ್ಲಿವೆ. ಇನ್-ಟ್ರೇ ಕಾಗದಗಳನ್ನು ಮಾತ್ರ ಮುಂದಿನ ಸಲಕ್ಕೆ ಎತ್ತಿಡಬೇಡಿ. ಎಷ್ಟೇ ಎಣಿಸಿ ವಾಪಸ್ ಪಡೆದರೂ ಬಂದು ಬರೆದು ಹೋದವರ ನೆನಪಿನಲ್ಲಿ ಅವು ಇರುತ್ತವೆ, ವಾರದೊಳಗೆ ಬೇರೆ ಶಾಲೆಗಳ ಸ್ಟಾಫ್ ರೂಮಿಗೂ ತಲುಪಿರುತ್ತವೆ. ಹೊಸದಾಗಿ ಬರೆಯಲು ಎರಡು ವಾರ ಬೇಕು; ಅದನ್ನೂ ಡಿಸೆಂಬರಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.